‘ರೀ’ ಇಲ್ಲದ ಗಂಟೆ

ಗಂಟೆ ಇವತ್ತು ಸಾಯುತ್ತದೆಂದು ಕಲ್ಯಾಣಪ್ಪನಿಗೆ ಮಾತ್ರ ಗೊತ್ತಿತ್ತು. ಸಾಯಲಿ, ಹಾಳಾಗಿ ಹೋಗಲಿ ಎಂದು ಅವನು ಕಾಯುತ್ತ ಕೂತಿದ್ದ. ತಾಂಡೂರು ಸ್ಟೇಷನ್ನಿನ ಹಿಂದೆ ವೈಜಿನಾಥರಾಯರ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಡಿಪೋ. ಅದರ ಪಡಸಾಲೆಯಲ್ಲಿ ಲೆಕ್ಕ ಬರೆಯುವ ಮುನಶಿ ಕಲ್ಯಾಣಪ್ಪನ ಮೇಜು. ಮೇಜಿನ ಎಡಕ್ಕೆ, ಗೋಡೆಯ ಗೂಡಿನಲ್ಲಿ ಸಾಲಾಗಿ ಇಟ್ಟ ಉಪ್ಪಿನಕಾಯಿ ಭರಣಿಗಳು. ಭರಣಿಯೊಳಗೆ ಇದ್ದದ್ದು ಉಪ್ಪಿನಕಾಯಿ ಅಲ್ಲ, ಕಲಾಯಿಯವರು ಪಾತ್ರೆಗೆ ಹಚ್ಚುವ ನವಸಾಗರ ಕರಗಿಸಿದ ನೀರು. ಆ ನೀರಿನಲ್ಲಿ ಸತುವಿನ ತಗಡು, ಮುಗಿದ ಟಾರ್ಚ್ ಸೆಲ್ಲುಗಳಿಂದ ಕಿತ್ತ ಕರಿ ಕಡ್ಡಿ. ಅಲ್ಲಿಂದ ಹೊರಟ ತಂತಿ ಗೋಡೆ ತೂರಿ ರಾಯರ ಕೋಣೆಗೆ ಹೋಗಿ, ಅವರ ಮೇಜಿನ ಮೇಲಿನ ಗುಂಡಿಯನ್ನು ಮುಟ್ಟಿ, ಹಿಂದಕ್ಕೆ ಬಂದು ಕಲ್ಯಾಣಪ್ಪನ ತಲೆಯ ಮೇಲಿದ್ದ ಗಂಟೆಯನ್ನು ಸೇರುತ್ತಿತ್ತು. ಬೇಸಿಗೆ ಕಾಲಿಟ್ಟಾಗಿನಿಂದ ಭರಣಿಯ ನೀರು ಇಳಿಯುತ್ತ ಬಂದಿತ್ತು. ಅಂಚಿಗೆಲ್ಲ ಬಿಳಿ ಉಪ್ಪು ಹೆಪ್ಪುಗಟ್ಟಿತ್ತು. ಒಂದು ತಂಬಿಗೆ ನೀರು ಹೊಯ್ದರೆ ಗಂಟೆ ಬದುಕಿಕೊಳ್ಳುತ್ತಿತ್ತು. ಕಲ್ಯಾಣಪ್ಪ ಹೊಯ್ದಿರಲಿಲ್ಲ. ಹೊಯ್ಯುವುದಿಲ್ಲ, ಏನು ಮಾಡುತ್ತೀರಿ? ಗಂಟೆ ಸತ್ತರೆ ರಾಯರು ಬಾಯಿ ತೆರೆಯಲೇಬೇಕು. ಬಾಯಿ ತೆರೆದರೆ ಮೊದಲಿನ ಹಾಗೆ, “ಕಲ್ಯಾಣಪ್ಪನವರ, ಬರ್ರಿ ಇಲ್ಲಿ” ಎನ್ನಲೇಬೇಕು. ಆ ‘ರಿ’ ಕಿವಿಗೆ ಬಿದ್ದು ಎಷ್ಟೋ ಕಾಲವಾಗಿತ್ತು. ಅದನ್ನು ಇವತ್ತು ಕೇಳದೆ ಮನೆಗೆ ಹೋಗುವುದಿಲ್ಲವೆಂದು ಅವನು ಹಟ ಹಿಡಿದು ಬಂದಿದ್ದ.

ಒಂದಕ್ಷರ. ಅದಕ್ಕೆ ಇಷ್ಟು ಸಂಕಟವೇ ಎಂದು ಯಾರಾದರೂ ಕೇಳಿದ್ದರೆ ಅವನು ಅವರ ಮುಖಕ್ಕೆ ಉಗಿಯುತ್ತಿದ್ದ. ಹುಟ್ಟಿದಾಗಿನಿಂದ ‘ರಿ’ ಅನ್ನಿಸಿಕೊಂಡವರಿಗೆ ಅದು ಗಾಳಿಯಿದ್ದ ಹಾಗೆ. ಇಲ್ಲದವನಿಗೇ ಗೊತ್ತು ಅದರ ತೂಕ. ಅವನಪ್ಪ ಕಾಶಪ್ಪ ದೌಲತಾಬಾದಿನ ಕಡೆಯ ಹಳ್ಳಿಯಲ್ಲಿ ಕುರಿ ಕಾಯುತ್ತಲೇ ಮುದುಕನಾದ. ಮೀಸೆ ಬೆಳ್ಳಗಾದರೂ ಊರಿನ ಪಾಲಿಗೆ ಅವನು ‘ಏ ಕಾಶ್ಯಾ’. ಗೌಡರ ಮನೆಯ ಮೊನ್ನೆ ಮೊನ್ನೆ ಹುಟ್ಟಿದ ಕೂಸು ಕೂಡ ತೊದಲು ನಾಲಿಗೆಯಲ್ಲಿ ಕಾಶ್ಯಾ ಅನ್ನುತ್ತಿತ್ತು, ಮನೆಯವರು ನಗುತ್ತಿದ್ದರು, ಅಪ್ಪನೂ ನಗುತ್ತಿದ್ದ. ಆ ನಗು ಇವತ್ತಿಗೂ ಕಲ್ಯಾಣಪ್ಪನ ಹೊಟ್ಟೆಯಲ್ಲಿ ಉರಿಯುತ್ತದೆ. ನಿಜಾಮರ ಮದರಸೆಯಲ್ಲಿ ಬೆತ್ತದೇಟು ತಿಂದು ಉರ್ದು ಕಲಿತದ್ದು, ರೈಲು ಸರಕಿನ ಬಿಲ್ಟಿ ಬರೆಯುವಷ್ಟು ಅಕ್ಷರ ಮುದ್ದಾಗಿ ತಿದ್ದಿದ್ದು, ಶೆರವಾನಿಗೆ ಬದಲು ಹಳೆಯ ಕೋಟಾದರೂ ಸರಿ ಎಂದು ತೊಟ್ಟದ್ದು, ಎಲ್ಲ ಆ ಒಂದಕ್ಷರಕ್ಕೆ. ಡಿಪೋ ಸೇರಿದ ಹೊಸದರಲ್ಲಿ ರಾಯರು ‘ಬಾರೋ’ ಅನ್ನುತ್ತಿದ್ದರು. ಆಮೇಲೆ ‘ಬಾ’. ವಾಡಿಗೆ ಹೋಗಬೇಕಾದ ಒಂದು ವ್ಯಾಗನ್ ಕಲ್ಲು ಬೇರೆ ಕಡೆ ಹೋಗುವುದನ್ನು ಇವನು ಓಡಿ ಹೋಗಿ ತಡೆದ ದಿನ, “ಬರ್ರಿ ಕಲ್ಯಾಣಪ್ಪನವರ, ಕೂಡ್ರಿ” ಎಂದರು. ಕೂಡಲಿಲ್ಲ. ನಿಂತೇ ಇದ್ದ. ಸಂಜೆ ಮನೆಗೆ ಹೋಗಿ ಹೆಂಡತಿ ಸುಭದ್ರಮ್ಮನಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುತ್ತಲೇ, “ಅಯ್ಯ, ನಾ ಮದಿವ್ಯಾದಾಗಿಂದ ರೀ ರೀ ಅನ್ನಾಕತ್ತೀನಿ, ಒಂದಿನಾರ ಮಾರಿ ಹಿಂಗ ಅರಳಿತ್ತೇನು?” ಎಂದಳು. ಹೆಂಡತಿಯ ‘ರೀ’ ಲೆಕ್ಕಕ್ಕೆ ಬರುವುದಿಲ್ಲ ಎಂಬ ಮಾತು ಬಾಯಿಗೆ ಬಂದಿತ್ತು. ಪುಣ್ಯಕ್ಕೆ ಅನ್ನಲಿಲ್ಲ.

ಒಳಗಿನಿಂದ ಗುಂಡಿ ಒತ್ತಿದ ಸದ್ದಾಯಿತು. ತಲೆಯ ಮೇಲೆ ಗಂಟೆ ಕರ್ರ್ ಎಂದಿತು, ನೆಗಡಿಯಾದ ಮೂಗಿನಂತೆ. ಒಂದೇ ಸಲ. ಒಂದು ಎಂದರೆ ಜವಾನ ಪೋಚಪ್ಪ. ಮೆಟ್ಟಿಲ ಮೇಲೆ ಕೂತಿದ್ದ ಪೋಚಪ್ಪ ಎದ್ದು, ಹೆಗಲ ಮೇಲಿನ ವಸ್ತ್ರ ಕೈಗೆ ತಕ್ಕೊಂಡು, ರಾಯರ ಹೊಸ್ತಿಲ ಹೊರಗೆ ಹೋಗಿ ನಿಂತ. ಕಲ್ಯಾಣಪ್ಪನಿಗಿಂತ ಹಿರಿಯ, ತಲೆಯೆಲ್ಲ ಹಣ್ಣಾದ ಮನುಷ್ಯ. ಕೇರಿಯಿಂದ ಬಂದವನಾದ್ದರಿಂದ ಹೊಸ್ತಿಲ ಒಳಗೆ ಕಾಲಿಡುವ ಹಾಗಿಲ್ಲ. ಕಲ್ಯಾಣಪ್ಪ ಹಲ್ಲು ಕಚ್ಚಿಕೊಂಡು ಗಂಟೆಯನ್ನು ನೋಡಿದ. ಇನ್ನೂ ಜೀವ ಇದೆಯಲ್ಲ ಇದಕ್ಕೆ! ತಾನೇ ಮಾಡಿದ್ದು, ತನ್ನ ಕೈಯಲ್ಲೇ ಹುಟ್ಟಿದ್ದು, ಅದಕ್ಕೇ ಇಷ್ಟು ಗಟ್ಟಿ ಪಿಂಡ.

ಮನೆಯ ಹಿತ್ತಲಲ್ಲಿ ಒಂದು ತಗಡಿನ ಛಾವಣಿ ಎಬ್ಬಿಸಿ ಅವನು ಒಂದು ಲೋಕ ಮಾಡಿಕೊಂಡಿದ್ದ. ಕಲ್ಲಿನ ಕಟ್ಟೆಗೆ ಬಿಗಿದ ಶಿಕಂಜಾ, ಅದರ ಬಾಯಲ್ಲಿ ಕಚ್ಚಿಸಿದ ಯಾವುದಾದರೂ ಕಬ್ಬಿಣದ ತುಂಡು. ಹಲ್ಲು ಸವೆದ ಅರಗಳು, ಬೈರಿಗೆ, ಇಕ್ಕಳ, ತಾನೇ ತಾಮ್ರದ ಗಟ್ಟಿಯನ್ನು ತಟ್ಟಿ ಸರಳಿಗೆ ಸೇರಿಸಿ ಮಾಡಿಕೊಂಡ ಬೆಸುಗೆ ಹಾಕುವ ಕಡ್ಡಿ. ಕೆಂಡದಲ್ಲಿ ಅದರ ಮೂತಿ ಕಾಯಿಸಿ, ನವಸಾಗರದ ಮೇಲೆ ಉಜ್ಜಿದರೆ ಭುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು. ತವರ ಕರಗಿ ಕನ್ನಡಿಯಂತೆ ಹರಡುತ್ತಿತ್ತು. ಆ ಕ್ಷಣದಲ್ಲಿ ಅವನಿಗೆ ರಾಯರೂ ಇಲ್ಲ, ಬಿಲ್ಟಿಯೂ ಇಲ್ಲ, ದೂರದಲ್ಲಿ ನಡೆದಿದ್ದ ಯುದ್ಧವೂ ಇಲ್ಲ. ಇದರಿಂದ ದುಡ್ಡೇನು ಬರುತ್ತಿರಲಿಲ್ಲ, ಬರಬೇಕೆಂಬ ಆಸೆಯೂ ಇರಲಿಲ್ಲ. ಸ್ಟೇಷನ್ನಿನ ಕೋಣೆಯಲ್ಲಿ ಮುಂದಿನ ಸ್ಟೇಷನ್ನಿನವರು ಒತ್ತಿದರೆ ಇಲ್ಲಿ ಗಂಟೆ ಹೊಡೆದುಕೊಳ್ಳುವುದನ್ನು ಕಿಟಕಿಯಿಂದ ಕಂಡಾಗಿನಿಂದ ಅವನಿಗೆ ಅದೇ ಧ್ಯಾನ. ತಂತಿ ಸುತ್ತಿ ಅಯಸ್ಕಾಂತ ಮಾಡಲೆಂದು ಮೊಳೆಯನ್ನು ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ಮೆತ್ತಗೆ ಮಾಡಿದ. ತಾಮ್ರದ ತಂತಿ ಬರಿಮೈ. ಅದಕ್ಕೆ ನೂಲು ಸುತ್ತಬೇಕು. ಸುಭದ್ರಮ್ಮ ಮಧ್ಯಾಹ್ನವೆಲ್ಲ ಕೂತು, ಬೈಯುತ್ತ ಬೈಯುತ್ತಲೇ, ಒಂದು ಎಳೆ ತಪ್ಪದಂತೆ ನೂಲು ಸುತ್ತಿ ಜೇನುಮೇಣ ಸವರಿಕೊಟ್ಟಳು. ಸೈಕಲ್ ಗಂಟೆಯ ಮುಚ್ಚಳ, ಹಳೆ ಗಡಿಯಾರದ ಸ್ಪ್ರಿಂಗಿನ ತುಂಡು. ಭರಣಿಗಳಿಗೆ ಮಾತ್ರ ದೊಡ್ಡ ಜಗಳವಾಯಿತು. “ಹುಣಸಿ ತೊಕ್ಕು ಎಲ್ಲಿ ಹಾಕ್ಲಿ, ನಿಮ್ಮ ತಲೀ ಮ್ಯಾಲ?” ಎಂದಳು. ಗಂಟೆ ಮೊದಲ ಸಲ ಕಿರುಚಿದಾಗ ಅವಳು ಹೆದರಿ ಬಾಯಿಗೆ ಸೆರಗು ಒತ್ತಿಕೊಂಡು, ಆಮೇಲೆ ನಗಲು ಸುರುಮಾಡಿ, ತಾನೇ ಹೋಗಿ ಒತ್ತಿ ಒತ್ತಿ ನೋಡಿದಳು. “ಖರೆ ಹೇಳ್ರಿ, ಇದು ಯಾತಕ್ಕ ಬೇಕು? ನಾ ಒದರಿದ್ರ ನಿಮಗ ಕೇಳಂಗಿಲ್ಲೇನು?” ಎಂದಳು ಕೊನೆಗೆ. ಯಾತಕ್ಕೂ ಬೇಡವಾಗಿತ್ತು. ಅದೇ ಅದರ ಚಂದವಾಗಿತ್ತು. ಹಿತ್ತಲಲ್ಲಿ ಯಾತಕ್ಕೂ ಬೇಡದೆ ಸುಮ್ಮನೆ ಇರಲು ಬಿಟ್ಟಿದ್ದರೆ ಆಗುತ್ತಿತ್ತಲ್ಲ, ಹುಚ್ಚುಮುಂಡೇಗಂಡ!

ಬಿಡಲಿಲ್ಲ. ತಾನೇ ಹೊತ್ತುಕೊಂಡು ಬಂದ. ಯಾರೂ ಕೇಳಿರಲಿಲ್ಲ, ಯಾರೂ ಜುಲುಮೆ ಮಾಡಿರಲಿಲ್ಲ. ಈ ಮಾತು ನೆನಪಾದಾಗಲೆಲ್ಲ ಕಲ್ಯಾಣಪ್ಪನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನ್ನಿಸುತ್ತಿತ್ತು. ಒಂದು ಬುಟ್ಟಿಯಲ್ಲಿ ಗಂಟೆ, ಇನ್ನೊಂದರಲ್ಲಿ ಹುಲ್ಲು ಹಾಸಿ ಭರಣಿ. ರಾಯರು ಶಭಾಷ್ ಅನ್ನಲಿ ಎಂಬ ಆಸೆ, ಅಷ್ಟೇ. ರಾಯರು ಅಂದರು ಕೂಡ. ಮಗುವಿನ ಹಾಗೆ ಕಣ್ಣರಳಿಸಿ, “ವಾಹ್ ವಾ! ಇದು ನಮ್ಮ ಕಚೇರಿಗೇ ಇರ್ಲಿ ಬಿಡ್ರಿ” ಎಂದರು. ಗುಂಡಿ ಒತ್ತಿದರು, ಪೋಚಪ್ಪನೂ ಇವನೂ ಒಟ್ಟಿಗೆ ಬಾಗಿಲಿಗೆ ಓಡಿದರು. ಆಗ ರಾಯರೇ ಕೇಳಿದರು, “ಯಾರಿಗೆ ಕರದೀನಿ ಅಂತ ಹ್ಯಾಂಗ ತಿಳೀಬೇಕು?” ಕಲ್ಯಾಣಪ್ಪ ರಾತ್ರಿಯೆಲ್ಲ ಯೋಚಿಸಿಟ್ಟುಕೊಂಡಿದ್ದ ಉತ್ತರವನ್ನು ಒಪ್ಪಿಸಿದ: “ಒಂದು ಅಂದ್ರ ಪೋಚ ರೀ. ಎರಡು ಅಂದ್ರ ನಾನು.” ಎರಡು! ಮರ್ಯಾದೆ ಎಂದರೆ ಮತ್ತೇನು? ಒಬ್ಬನೇ ಮನುಷ್ಯನನ್ನು ಇಬ್ಬರು ಎಂಬಂತೆ ಮಾತಾಡಿಸುವುದು. ಬಾ ಎಂದರೆ ಒಬ್ಬ, ಬರ್ರಿ ಎಂದರೆ ಒಬ್ಬನೇ ಆದರೂ ಹಲವರು. ಒಂದು ಹೊಡೆತ ಏಕವಚನ, ಎರಡು ಹೊಡೆತ ಬಹುವಚನ. ಗಂಟೆಗೂ ‘ರಿ’ ಕಲಿಸಿದೆನೆಂದು ಅವನು ಒಳಗೊಳಗೇ ಹಿಗ್ಗಿದ್ದ. ಇಂಥ ಮೂರ್ಖತನ ಬೇರೆ ಯಾವ ಭಾಷೆಯವನಿಗೆ ಹೊಳೆದೀತು!

ರಾಯರಿಗೆ ಗಂಟೆಯೆಂದರೆ ಗಂಟೆ. ಅವರು ಕೆಟ್ಟವರಲ್ಲ, ಅದೇ ದೊಡ್ಡ ಕಷ್ಟ. ಕೆಟ್ಟವರಾಗಿದ್ದರೆ ನೆಮ್ಮದಿಯಿಂದ ಬೈದುಕೊಳ್ಳಬಹುದಿತ್ತು. ಮೊದಮೊದಲು ಟ್ರಿಣ್ ಟ್ರಿಣ್ ಎಂದು ನಿಧಾನವಾಗಿ, ಒಂದಾದ ಮೇಲೊಂದು ಒತ್ತುತ್ತಿದ್ದರು. ಕಲ್ಯಾಣಪ್ಪ ಕೋಟು ಸರಿಮಾಡಿಕೊಂಡು ಎದ್ದು ಹೋಗುತ್ತಿದ್ದ. ಆಮೇಲೆ ಎರಡರ ನಡುವೆ ಬಿಡುವು ಇಲ್ಲದಾಯಿತು. ಆಮೇಲೆ ಅವಸರದಲ್ಲಿ ಒಂದೇ ಒತ್ತಿ, ಹೋದ ಪೋಚಪ್ಪನಿಗೆ, “ನೀ ಅಲ್ಲೋ, ಅವನು” ಅನ್ನುತ್ತಿದ್ದರು. ಅವನು! ಒಮ್ಮೆ ಎರಡೊತ್ತಿ, ಇವನು ಹೋದರೆ ತಲೆಯೆತ್ತದೆ, “ನೀರು” ಎಂದರು. ನೀರು ಕೊಡುವ ಹುಡುಗ ಅವತ್ತು ಬಂದಿರಲಿಲ್ಲ, ಕಲ್ಯಾಣಪ್ಪನೇ ನೀರಿನ ತಂಬಿಗೆ ತಂದಿಟ್ಟ. ಅವರು ನೋಡಿ, “ಅರೆ, ನೀವ್ಯಾಕ ತಂದ್ರಿ” ಎನ್ನುತ್ತಾರೆಂದು ಕಾಯುತ್ತ ನಿಂತ. ಅವರು ಕುಡಿದು ತಂಬಿಗೆ ಕೆಳಗಿಟ್ಟರು. ಸಂಜೆ ಕಲ್ಯಾಣಪ್ಪ ತನ್ನ ಹಿತ್ತಲಿಗೆ ಹೋಗಿ, ಅರದಿಂದ ಕಬ್ಬಿಣ ಉಜ್ಜುತ್ತ, ಒಂದೊಂದು ಎಳೆತಕ್ಕೂ ಒಂದೊಂದು ಬೈಗುಳ ಹಾಕಬೇಕೆಂದು ಸುರುಮಾಡಿದ. ‘ಅವನ’ ಎಂದು ತೆಗೆದ ಬಾಯಿ ‘ಅವರ’ ಎಂದಿತು. ತನ್ನ ಮನೆ, ತನ್ನ ಹಿತ್ತಲು, ಸುತ್ತ ಒಂದು ನರಪಿಳ್ಳೆ ಇಲ್ಲ, ತನ್ನಷ್ಟಕ್ಕೇ ಬೈಯುವುದು. ಅಲ್ಲಿಯೂ ಅವರು ಎಂದೇ ಬರುತ್ತಿತ್ತು. ‘ಅವರ ಬಾಯಾಗ ಮಣ್ಣ ಹಾಕ’ ಎಂದು ಬಹುವಚನದಲ್ಲಿ ಬೈದು, ಸಿಟ್ಟಿಗೆ ಅರವನ್ನು ಒಗೆದ. ಕಲ್ಲಿಗೆ ಬಡಿದು ಅದು ಎರಡು ತುಂಡಾಯಿತು. ಯುದ್ಧದ ಕಾಲ, ಇನ್ನೊಂದು ಅರ ಎಲ್ಲಿ ಸಿಗಬೇಕು?

ಪಡಸಾಲೆಯ ಮೆಟ್ಟಿಲು ಹತ್ತಿ ಯಾರೋ ಬಂದರು. ಜಹೀರಾಬಾದಿನ ಮಾಣಿಕಪ್ಪ ಸೇಠ. ಹೊಸ ಮನೆ ಕಟ್ಟಿಸುತ್ತಿದ್ದರು, ಅಂಗಳಕ್ಕೆ ಕಲ್ಲು ನೋಡಲು ಬಂದಿದ್ದರು. ಕಲ್ಯಾಣಪ್ಪ ಎದ್ದು ಕೈಮುಗಿದ, ಅವರು ಗೋಡೆಗೆ ತಲೆಯಾಡಿಸುವಂತೆ ಆಡಿಸಿ ಒಳಗೆ ಹೋದರು. ಕಲ್ಲಿನ ಮಾತು ಸ್ವಲ್ಪ ಹೊತ್ತು. ಆಮೇಲೆ ನಗು. ಆಮೇಲೆ ತಲೆಯ ಮೇಲೆ ಕರ್ರ್ ಕರ್ರ್. ಕಲ್ಯಾಣಪ್ಪ ಲೇಖನಿ ಇಟ್ಟು ಒಳಗೆ ಹೋದ. ರಾಯರು ಸೇಠರ ಕಡೆ ತಿರುಗಿ, “ನೋಡಿದ್ರ್ಯಾ? ಬಂದ!” ಎಂದರು. ಸೇಠರು ತೊಡೆ ತಟ್ಟಿಕೊಂಡು ನಕ್ಕರು. ಏನು ಕೆಲಸ ಎಂದು ಕಲ್ಯಾಣಪ್ಪ ನಿಂತ. ಕೆಲಸವಿರಲಿಲ್ಲ. “ಏನಿಲ್ಲ, ಹೋಗು” ಎಂದು ಕೈ ಬೀಸಿದರು. ಹೊರಗೆ ಬಂದು ಇನ್ನೂ ಕೂತಿರಲಿಲ್ಲ, ಮತ್ತೆ ಕರ್ರ್ ಕರ್ರ್. ಹೋದ. “ನೀವೇ ಒತ್ರಿ ಸೇಠ್ರ, ನೀವೇ ಒತ್ತಿ ನೋಡ್ರಿ.” ಸೇಠರು ಒತ್ತಿದರು, ಕಲ್ಯಾಣಪ್ಪ ಅಲ್ಲೇ ನಿಂತಿದ್ದ. “ಏ, ಹೊರಗ ಹೋಗಿ ಬರಬೇಕಪಾ, ಆಗ ಖರೆ ಮಜಾ” ಎಂದರು ಸೇಠರು. ಹೋದ, ಬಂದ. ಗಂಟೆ ಇವತ್ತು ಮಾತ್ರ ಸಾಯಲೊಲ್ಲದು, ಸೇಠರ ಕೈಗುಣಕ್ಕೆ ಮದುವಣಗಿತ್ತಿಯ ಗೆಜ್ಜೆಯ ಹಾಗೆ ಉಲಿಯುತ್ತಿದೆ! ಕುರಿಯನ್ನು ಕರೆದರೆ ಅದು ಕೂಡ ಎರಡನೆಯ ಸಲಕ್ಕೆ, ಮೇವಿಲ್ಲದಿದ್ದರೆ, ಬರುವುದಿಲ್ಲ. ಅವನು ಬರುತ್ತಿದ್ದ. “ಇದು ಮಾಡಿದಾವ ಯಾರು?” ಎಂದು ಸೇಠರು ಕೇಳಿದರು. ಕಲ್ಯಾಣಪ್ಪನ ಎದೆ ಒಂದು ಸಲ ಎದ್ದು ನಿಂತಿತು. ರಾಯರು ಗದ್ದದಿಂದ ಇವನನ್ನು ತೋರಿಸಿ, “ಇವನೇ ನಮ್ಮ ಕಂಬಾರ. ನಿಮಗೂ ಒಂದು ಮಾಡಿ ಕೊಡ್ತಾನ ತಗೋರಿ” ಎಂದರು. “ಜಲ್ದಿ ಮಾಡಿ ಕೊಡು ಮತ್ತ” ಎಂದರು ಸೇಠರು.

ಮೇಜಿನ ಮುಂದೆ ಬಂದು ಕೂತಾಗ ಅಕ್ಷರಗಳು ಕಣ್ಣಿಗೆ ಕಾಣಲಿಲ್ಲ. ಕಂಬಾರ. ಓಣಿಯ ಕಂಬಾರನ ಹತ್ತಿರ ಕೂತು ತಾನು ಎಷ್ಟು ಕಲಿತಿಲ್ಲ! ಕಬ್ಬಿಣ ಯಾವಾಗ ಕೆಂಪು, ಯಾವಾಗ ಹಳದಿ ಎಂದು ಹೇಳಿಕೊಟ್ಟವನೇ ಅವನು. ಆ ಕಂಬಾರ ಎಂಬ ಮಾತು ತನಗೆ ಬೈಗುಳದಂತೆ ಕೇಳಿಸಿತಲ್ಲ ಎಂದು ನಾಚಿಕೆ, ನಾಚಿಕೆಯ ಬೆನ್ನಿಗೇ ಇನ್ನಷ್ಟು ಸಿಟ್ಟು. ಸೇಠರು ಹೋದರು. ಕಲ್ಲು ಹೇರುವ ಬಂಡಿಗಳು ಅಂಗಳದಲ್ಲಿ ಕಿರುಗುಟ್ಟಿದವು. ಬಿಸಿಲು ಮೆಟ್ಟಿಲ ಮೇಲೆ ಹತ್ತಿ ಬಂತು. ಪೋಚಪ್ಪ ಗೂಡಿನ ಹತ್ತಿರ ನಿಂತು ಭರಣಿಗಳನ್ನು ಬಗ್ಗಿ ನೋಡುತ್ತಿದ್ದ.

“ಮುನಶಿ ಸಾಬ, ಭರಣಿ ಒಣಗ್ಯಾವ್ರಿ. ನೀರು ತರ್ಲೇನ್ರಿ?”

“ಬ್ಯಾಡ.”

“ಗಂಟಿ ನಿಲ್ತದ್ರಿ.”

“ನಿಂತ್ರ ನಿಲ್ಲಲಿ. ನಿನಗ್ಯಾಕೋ ಅದರ ಉಸಾಬರಿ?”

ಪೋಚಪ್ಪ ಹೋಗಲಿಲ್ಲ. ವಸ್ತ್ರದ ಚುಂಗನ್ನು ಬೆರಳಿಗೆ ಸುತ್ತುತ್ತ ನಿಂತ. “ಗಂಟಿ ನಿಂತ್ರ ಸಾವಕಾರ್ರು ಮತ್ತ ಬಾಯಿ ಬಿಡ್ತಾರ್ರಿ” ಎಂದ.

“ಬಿಡ್ಲಿ. ದೇವರು ಬಾಯಿ ಕೊಟ್ಟಿದ್ದು ಮತ್ಯಾತಕ್ಕ?”

“ನಿಮಗೇನ್ರಿ, ನಿಮಗ ಬರ್ರಿ ಅಂತಾರ. ನನಗ ನಮ್ಮವ್ವನ ಹೆಸರು ಹಿಡದು ಬೈತಾರ. ಆಕಿ ಸತ್ತು ಯಾವ ಕಾಲ ಆತು. ಈ ಗಂಟಿ ಬಂದಾಗಿಂದ ನಮ್ಮವ್ವ ಮಣ್ಣಾಗ ಸುಮ್ಮ ಮಲಗ್ಯಾಳ್ರಿ.” ಪೋಚಪ್ಪ ನಕ್ಕ, ಹಲ್ಲಿಲ್ಲದ ಜಾಗ ಕಾಣುವಂತೆ. “ಗಂಟಿ ಬೈಯಂಗಿಲ್ಲ ನೋಡ್ರಿ. ಭಾಳ ಛಲೋ ಚೀಜು ಮಾಡೀರಿ ನೀವು. ನಮ್ಮ ಲಚ್ಚಮ್ಮ ದಿನಾ ನಿಮ್ಮ ಹೆಸರ್ಲೆ ದೀಪ ಹಚ್ತಾಳ್ರಿ.”

ಕಲ್ಯಾಣಪ್ಪನಿಗೆ ಮೈಯೆಲ್ಲ ಉರಿಯಿತು. ಇವನಿಗೆ ಏನು ಹೇಳುವುದು? ಯಾರಿಗೂ ಬೇಡದ ದೀಪ ಇವನ ಹೆಂಡತಿ ಯಾಕೆ ಹಚ್ಚಬೇಕು? ತನ್ನ ಮಾನ ತಿಂದ ಗಂಟೆ ಇನ್ನೊಬ್ಬನ ತಾಯಿಯ ಮಾನ ಕಾಯುತ್ತಿದೆಯಂತೆ. ಹಾಗಾದರೆ ತಾನು ಮಾಡಿದ್ದು ಸರಿಯೋ ತಪ್ಪೋ? ಒಂದು ತಂಬಿಗೆ ನೀರು, ಅಷ್ಟೇ. ಹೊಯ್ದರೆ ಪೋಚಪ್ಪ ಉಳಿಯುತ್ತಾನೆ, ತಾನು ಸಾಯಬೇಕು. ಹೊಯ್ಯದಿದ್ದರೆ ತನಗೆ ಒಂದು ‘ರಿ’ ಸಿಗುತ್ತದೆ, ಅವನಿಗೆ ಬೈಗುಳ. ಅವನಿಗೇನು, ಅಭ್ಯಾಸ ಇದೆ ಎಂದುಕೊಂಡ. ಎಂದುಕೊಂಡ ಕೂಡಲೇ ಅಪ್ಪನ ನಗು ಕಣ್ಣ ಮುಂದೆ ಬಂತು. ಊರಿನವರೂ ಕಾಶ್ಯಾನ ಬಗ್ಗೆ ಹೀಗೇ ಅಂದುಕೊಂಡಿರಬೇಕು, ಅವನಿಗೇನು, ಅಭ್ಯಾಸ ಇದೆ. “ಹೋಗಿ ನಿನ್ನ ಜಾಗಾದಾಗ ಕೂಡು. ತಲಿ ತಿನ್ನಬ್ಯಾಡ” ಎಂದು ಗದರಿದ. ಪೋಚಪ್ಪ ಹೋಗಿ ಮೆಟ್ಟಿಲ ಮೇಲೆ ಕೂತ, ಗಂಟೆಯ ಮೇಲೆ ಕಣ್ಣಿಟ್ಟು.

ಊಟದ ಹೊತ್ತು ಕಳೆದ ಮೇಲೆ ಅದು ಸತ್ತಿತು. ರಾಯರ ಕೋಣೆಯಲ್ಲಿ ಗುಂಡಿಯ ಟಕ್ ಎಂಬ ಸದ್ದು ಕೇಳಿಸಿತು. ತಲೆಯ ಮೇಲೆ ಗಂಟೆಯ ಪುಟ್ಟ ಸುತ್ತಿಗೆ ಒಂದು ಸಲ ಮಿಸುಕಿ ಸುಮ್ಮನಾಯಿತು. ಟಕ್. ಟಕ್ ಟಕ್. ಪೋಚಪ್ಪ ಎದ್ದು ನಿಂತ. ಕಲ್ಯಾಣಪ್ಪ ಕೈಸನ್ನೆ ಮಾಡಿ ಅವನನ್ನು ತಡೆದ. ಕೋಟಿನ ಗುಂಡಿ ಹಾಕಿಕೊಂಡ, ಟೊಪ್ಪಿಗೆ ಸರಿಮಾಡಿಕೊಂಡ, ಮದುಮಗನ ಹಾಗೆ. ಈಗ ಕರೆಯುತ್ತಾರೆ. ಕರೆದರೆ ಕೂಡಲೇ ಹೋಗಬಾರದು, ಒಂದು ಸಲ ಕೇಳಿಸದಂತೆ ಇರಬೇಕು, ಎರಡನೆಯ ಸಲ ಕರೆಸಿಕೊಳ್ಳಬೇಕು. ಎರಡು ‘ರಿ’ ತನ್ನ ಕಿವಿಗೆ ಬೀಳಬೇಕು. ಟಕ್ ಟಕ್ ಟಕ್ ಟಕ್. ಒಳಗೆ ಕುರ್ಚಿ ಸರಿದ ಸದ್ದಾಯಿತು.

“ಏ ಪೋಚ್ಯಾ! ಭಾಡ್ಯಾ, ಎಲ್ಲಿ ಸತ್ತೀಯೋ? ನಿಮ್ಮವ್ವನ... ಆ ಕಲ್ಯಾಣ್ಯಾ ಎಲ್ಲಿ ಹಾಳಾಗಿ ಹೋಗ್ಯಾನ? ಏ ಕಲ್ಯಾಣ್ಯಾ!”

“ಬಂದೆ ರೀ!”

ಯಾರು ಅಂದದ್ದು ಎಂದು ಕಲ್ಯಾಣಪ್ಪ ಒಂದು ಕ್ಷಣ ಸುತ್ತ ನೋಡಿದ. ಅವನೇ. ಅವನ ಬಾಯಿ, ಅವನನ್ನು ಒಂದು ಮಾತೂ ಕೇಳದೆ, ಅವನಿಗೆ ಬರಬೇಕಾಗಿದ್ದ ‘ರೀ’ಯನ್ನು ಅವರಿಗೇ ಕೊಟ್ಟಿತ್ತು. ಕಾಲು ಆಗಲೇ ಬಾಗಿಲಿಗೆ ಹೋಗಿಯಾಗಿತ್ತು.

“ಏನಾಗ್ಯಾದೋ ಇದಕ್ಕ?” ರಾಯರು ಗುಂಡಿಯನ್ನು ಕುಕ್ಕುತ್ತಿದ್ದರು. ಸಿಟ್ಟಾಗಿರಲಿಲ್ಲ, ಆಟಿಕೆ ಕೆಟ್ಟ ಹುಡುಗನಂತೆ ಮುಖ ಸಣ್ಣದು ಮಾಡಿಕೊಂಡಿದ್ದರು.

“ಭರಣಿ ಬತ್ತ್ಯಾವ್ರಿ.”

“ಮತ್ತ ತುಂಬಸಬೇಕಿಲ್ಲೋ? ಒದರಿ ಒದರಿ ನನ್ನ ಗಂಟಲ ಹರೀತು.”

ಕಲ್ಯಾಣಪ್ಪ ನಿಂತಿದ್ದ. ಈಗಲ್ಲದಿದ್ದರೆ ಇನ್ನೆಂದೂ ಇಲ್ಲ. “ಇನ್ನ ಗಂಟಿ ಬ್ಯಾಡ್ರಿ” ಎಂದ. “ಅದನ್ನ ನಾ ಮನಿಗೆ ಒಯ್ತೀನಿ. ಮದ್ಲಿನಂಗ ಬಾಯಿಲೆ ಕರೀರಿ.”

ರಾಯರು ತಲೆಯೆತ್ತಿ ಅವನನ್ನು ನೋಡಿದರು. ಅವರ ಮುಖದಲ್ಲಿ ಕಪಟ ಎಂಬುದು ಚೂರೂ ಇರಲಿಲ್ಲ. “ಈಗ ಬಾಯಿಲೆನ ಕರದೆನಲ್ಲೋ?” ಎಂದರು.

ನೀವು ನನ್ನನ್ನು ಕಲ್ಯಾಣ್ಯಾ ಎಂದಿರಿ ಎನ್ನಬೇಕು. ಎಂದರೆ ಅವರು, ಹೌದಲ್ಲ, ಮತ್ತೇನನ್ನಬೇಕಿತ್ತು ಎಂದು ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಾರೆ. ಆಗ ‘ರಿ’ ಅನ್ನಿ ಎಂದು ಬಾಯಿಬಿಟ್ಟು ಬೇಡಬೇಕು. ಬೇಡಿ ತಂದ ಮರ್ಯಾದೆಯನ್ನು ಎಲ್ಲಿ ಇಟ್ಟುಕೊಳ್ಳುವುದು? ಗಂಟೆ ಅವನಿಂದ ‘ರಿ’ಯನ್ನು ಕಿತ್ತುಕೊಂಡಿರಲಿಲ್ಲ. ಅವರ ನಾಲಿಗೆಗೆ ಅದು ಯಾವತ್ತೂ ಅಂಟಿಕೊಂಡಿರಲೇ ಇಲ್ಲ. ಹೊತ್ತಿಗೆ ಹಾಕಿಕೊಂಡು ತೆಗೆದಿಟ್ಟ ಅಂಗಿ. ಕೆಲಸವಿಲ್ಲದಾಗ ಅದನ್ನು ಬಿಚ್ಚಿಡಲು ಗಂಟೆ ಒಂದು ಗೂಟವಾಯಿತು, ಅಷ್ಟೇ. ಕಣ್ಣಲ್ಲಿ ನೀರು ಬಂತು. ಅಳುವಲ್ಲ ಅದು, ಕೊಲ್ಲುವಷ್ಟು ಸಿಟ್ಟು. “ತುಂಬಸ್ತೀನ್ರಿ” ಎಂದು ಹೊರಗೆ ಬಂದ.

ಪೋಚಪ್ಪ ಆಗಲೇ ಬಾನಿಯಿಂದ ನೀರು ತಂದು ನಿಂತಿದ್ದ. ಕುಡಿಯುವ ನೀರಲ್ಲವಲ್ಲ, ಭರಣಿಯನ್ನು ಅವನು ಮುಟ್ಟಬಹುದಿತ್ತು. ಬೈಗುಳ ತಿಂದ ಮುಖ. ಆ ಮುಖವನ್ನು ಕಲ್ಯಾಣಪ್ಪ ನೋಡಲಿಲ್ಲ. ಅದು ತನ್ನಿಂದಾಗಿ ಬಿದ್ದ ಬೈಗುಳವೆಂದು ಇಬ್ಬರಿಗೂ ಗೊತ್ತಿತ್ತು. ಮಧ್ಯಾಹ್ನ ಅಷ್ಟು ಬೇಡಿಕೊಂಡ ಮನುಷ್ಯ ಈಗ ‘ನಾ ಹೇಳಿದ್ದೆ’ ಅನ್ನಲಿಲ್ಲ. ನವಸಾಗರದ ಹರಳು ಕುಟ್ಟಿ ಕೊಟ್ಟ, ನೀರಿಗೆ ಹಾಕಿ ಕದಡಿದ. ನೀರು ತಣ್ಣಗಾಯಿತು, ನವಸಾಗರ ಕರಗುವಾಗ ಹಾಗೆಯೇ. ಕಲ್ಯಾಣಪ್ಪ ಸತುವಿನ ತಗಡುಗಳನ್ನು ಕಿತ್ತು ಉಸುಕಿನ ಹಾಳೆಯಿಂದ ಉಜ್ಜಿದ, ಉಪ್ಪು ಕೆರೆದ. “ಹಿಡಿ” ಎಂದ. ಪೋಚಪ್ಪ ಹಿಡಿದ. “ಬಗ್ಗಸು. ಹಂಗಲ್ಲೋ, ತಲಿ ಇಲ್ಲೇನು ನಿನಗ?” ಎಂದ. ಪೋಚಪ್ಪ, “ಹೂಂ ರೀ” ಎಂದು ಬಗ್ಗಿಸಿದ. ಹೂಂ ರೀ. ಮುಂಜಾನೆಯಿಂದ ಈ ಹೊತ್ತಿನವರೆಗೆ ಮನೆಯಲ್ಲಿ, ಈ ಪಡಸಾಲೆಯಲ್ಲಿ ತನಗೆ ಎಷ್ಟು ‘ರೀ’ ಬಿದ್ದವು! ಒಂದನ್ನೂ ಕಿವಿ ಲೆಕ್ಕಕ್ಕೆ ಹಿಡಿಯಲಿಲ್ಲ. ಹೆಂಡತಿಯ ರೀ, ಪೋಚಪ್ಪನ ರೀ, ಎಲ್ಲ ಉಗುಳಿದ ಹಾಗೆ ನೆಲಕ್ಕೆ ಹೋದವು. ಮೇಲಿನಿಂದ ಬಂದರೆ ಮಾತ್ರ ಅಕ್ಷರ, ಕೆಳಗಿನಿಂದ ಬಂದರೆ ಗಾಳಿ. ಥೂ ಎಂದುಕೊಂಡ, ರಾಯರಿಗೆ ಅಂದನೋ ತನಗೆ ಅಂದನೋ.

ಭರಣಿ ತೊಳೆದ ಕೊಳಕು ನೀರನ್ನು ಬಕೀಟಿನಲ್ಲಿ ತುಂಬಿಕೊಂಡು ಪೋಚಪ್ಪ ಅಂಗಳದ ಆಚೆ ಕಲ್ಲಿನ ರಾಶಿಯ ಹತ್ತಿರ ಚೆಲ್ಲಲು ಹೋದ. ಅವನ ಬೆನ್ನು ಕಾಣುತ್ತಿತ್ತು. ಬಾಗಿದ ಬೆನ್ನು, ಅಪ್ಪ ಸಾಯುವಾಗ ಇದ್ದಷ್ಟೇ ವಯಸ್ಸು ಇರಬೇಕು. ಕರೆಯಬೇಕು. ತಗಡು ಇಳಿಸಿಯಾಗಿತ್ತು, ತುಂಬಿದ ಭರಣಿಗಳನ್ನು ಗೂಡಿನ ಒಳಕ್ಕೆ ಸರಿಸಲು ಇನ್ನೊಂದು ಕೈ ಬೇಕಾಗಿತ್ತು, ಹೇಗೂ ಕರೆಯಲೇಬೇಕಾಗಿತ್ತು. ‘ಪೋಚಪ್ಪನವರ, ಬರ್ರಿ ಇಲ್ಲಿ.’ ಅಷ್ಟೇ ಮಾತು. ದುಡ್ಡು ಬೇಡ, ಅಪ್ಪಣೆ ಬೇಡ, ಅಕ್ಷರ ಬರಬೇಕೆಂದಿಲ್ಲ. ಯಾರ ಮುಂದೆ ಕೈ ಚಾಚುವುದೂ ಬೇಡ, ಕೊಡುವವನು ತಾನೇ. ಕಲ್ಯಾಣಪ್ಪ ಬಾಯಿ ತೆರೆದ. “ಪೋಚ...” ಎಂದ, “ಪೋಚಪ್ಪ...” ಎಂದ, ತನಗೇ ಕೇಳಿಸದಷ್ಟು ಸಣ್ಣಗೆ. ಮುಂದಿನದು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಬಂಡಿಯವರು ನಿಂತಿದ್ದಾರೆ, ನಗುತ್ತಾರೆ. ಪೋಚಪ್ಪನೇ ಹೆದರುತ್ತಾನೆ, ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾನೆ. ಒಳಗೆ ರಾಯರಿಗೆ ಕೇಳಿಸುತ್ತದೆ. ಅವನಿಗೆ ‘ರಿ’ ಅಂದವನಿಗೆ ನಾಳೆ ಯಾರು ‘ರಿ’ ಅನ್ನುತ್ತಾರೆ? ನೆಪಗಳು ಒಂದರ ಹಿಂದೊಂದು ಸಾಲುಗಟ್ಟಿ ಬಂದವು, ದೊಡ್ಡಿಗೆ ನುಗ್ಗುವ ಕುರಿಗಳು. ಎಲ್ಲ ಸುಳ್ಳೆಂದು ಗೊತ್ತಿದ್ದೂ ಅವನು ಒಂದೊಂದನ್ನೇ ಒಳಗೆ ಬಿಟ್ಟುಕೊಂಡ. ಬಾಯಿ ಮುಚ್ಚಿತು. ಕೈಯಲ್ಲಿ ಎರಡು ತಂತಿಗಳ ತುದಿ ಇದ್ದವು, ಗುಂಡಿಗೆ ಸೇರಿಸುವ ಮೊದಲು ಇಲ್ಲೇ ಮುಟ್ಟಿಸಿ ನೋಡಲು ಬಿಚ್ಚಿಟ್ಟುಕೊಂಡದ್ದು. ಮುಟ್ಟಿಸಿದ.

ಗಂಟೆ ಕಣಕಣ ಎಂದಿತು, ಹೊಸ ನೀರು ಕುಡಿದು, ಎಂದೂ ಇಲ್ಲದಷ್ಟು ಗಟ್ಟಿಯಾಗಿ. ಒಂದೇ ಸಲ.

ಅಂಗಳದ ಆಚೆ ಪೋಚಪ್ಪ ಬಕೀಟನ್ನು ಅಲ್ಲೇ ಬಿಟ್ಟು, ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಓಡಿ ಬಂದ. ನೇರವಾಗಿ ರಾಯರ ಹೊಸ್ತಿಲಿಗೆ ಹೋದ, ಒಳಗೆ ಇಣುಕಿದ. ರಾಯರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ್ದರು. ಪೋಚಪ್ಪ ಹಿಂದಕ್ಕೆ ತಿರುಗಿ, ಗೂಡಿನ ಮುಂದೆ ತಂತಿ ಹಿಡಿದು ನಿಂತ ಕಲ್ಯಾಣಪ್ಪನನ್ನು ನೋಡಿದ. ಮುಖ ಅರಳಿತು.

“ನೀವು ಕರದ್ರೇನ್ರಿ?”

“ಹ್ಞೂಂ” ಎಂದ ಕಲ್ಯಾಣಪ್ಪ.